ನಿಮ್ಮ ಬೈಕು ಮಾರಿದ್ದೇನೆ

ಸೋಮವಾರ, ಮಾರ್ಚ್ ೯

ನಿಮ್ಮಕ್ಕನ ಮನೆಯಲ್ಲಿ ಅಡಗಿ ಕೂತಿರುವ ಯಜಮಾನರಿಗೆ,

ಕ್ಷೇಮವೇ ಎಂದು ಕೇಳುವಷ್ಟು ತಾಳ್ಮೆ ಈಗ ನನ್ನಲ್ಲಿಲ್ಲ. ನಿಮ್ಮ ಬೈಕು ಮಾರಿದ್ದೇನೆ. ಪುಣ್ಯಕ್ಕೆ ನನ್ನ ಹೆಸರಿನಲ್ಲಿತ್ತು. ನಿಮ್ಮನ್ನು ಕೇಳಲಿಲ್ಲ. ಸೋಫಾ ರಿಪೇರಿಗೆ ಬಂದ ಗಿರಾಕಿಗಳಿಂದ ಬಿಲ್ಲಿನ ಜೊತೆ ವಸೂಲಿ ಮಾಡಿದ ತೆರಿಗೆಯನ್ನು ಎರಡು ವರ್ಷ ಕಟ್ಟದೆ ಅಂಗಡಿ ಬಾಡಿಗೆಗೆ ಸುರಿಯುವಾಗ ನೀವೂ ನನ್ನನ್ನು ಕೇಳಿರಲಿಲ್ಲ.

ನನಗೆ ಗೊತ್ತಾದದ್ದು ಎಲ್ಲಿ? ಫೋಮ್ ಅಂಗಡಿಯಲ್ಲಿ, ನಾಲ್ಕು ಜನರೆದುರು. ಕಾರ್ಡು ಉಜ್ಜಿದರೆ ದುಡ್ಡು ಹೋಗಲಿಲ್ಲ. ಬ್ಯಾಂಕಿಗೆ ಫೋನ್ ಮಾಡಿದೆ. ತೆರಿಗೆಯವರು ಖಾತೆ ತಡೆಹಿಡಿದಿದ್ದಾರೆ ಎಂದರು. ಕತ್ತರಿಸಿಟ್ಟಿದ್ದ ಫೋಮನ್ನು ಅಲ್ಲೇ ಬಿಟ್ಟು ತಲೆ ತಗ್ಗಿಸಿಕೊಂಡು ಬಂದೆ. ಏನಿದು ಎಂದು ಕೇಳಿದರೆ ನೀವು, "ಹೇಗಾದ್ರೂ ದುಡ್ಡು ಹೊಂದಿಸ್ಕೊಂಡು ಬರ್ತೀನಿ ಕಣೇ" ಎಂದು ಚಪ್ಪಲಿ ಮೆಟ್ಟಿ ಬಸ್ಸು ಹತ್ತಿದಿರಿ. ತಿಂಗಳಾಯಿತು. ಬಿಚ್ಚಿದ ಸೋಫಾಗಳು ಹೊಟ್ಟೆ ಬಗೆದುಕೊಂಡು ಅಂಗಡಿ ತುಂಬ ಬಿದ್ದಿದ್ದವು. ಕ್ಲಿನಿಕ್ಕಿನ ಸೋಫಾ ಕೊಟ್ಟಿದ್ದ ಹಲ್ಲಿನ ಡಾಕ್ಟರಮ್ಮ ದಿನಾ ಫೋನ್ ಮಾಡಿ, ರೋಗಿಗಳೆಲ್ಲ ನಿಂತೇ ಇದ್ದಾರೆ ಎಂದು ಬೈದರು. ನಿಮ್ಮ ಪಾಲಿನ ಬೈಗುಳವನ್ನೂ ನಾನೇ ತಿಂದೆ.

ಕೊನೆಗೆ ತೆರಿಗೆ ಕಚೇರಿಗೂ ನಾನೇ ಹೋದೆ. ಕನ್ನಡಕ ಹಾಕಿದ ಹೆಂಗಸೊಬ್ಬರು, ಅವರೇ ಅಧಿಕಾರಿ, ಕೂರಿಸಿ ವಿಚಾರಿಸಿದರು. ಎಷ್ಟು ದುಡಿಯುತ್ತೀರಿ, ಬಾಡಿಗೆಗೆಷ್ಟು, ಮಗಳ ಶಾಲೆಗೆಷ್ಟು ಎಂದು ಕೇಳಿದರು. ಆಮೇಲೆ, "ಒಟ್ಟಿಗೆ ಕಟ್ಟೋಕಾಗಲ್ಲ ಅಂತ ಮೊದಲೇ ಬಂದು ಹೇಳಿದ್ರೆ ಕಂತು ಮಾಡಿಕೊಡ್ತಿದ್ವಲ್ಲಮ್ಮ! ಸುಮ್ನೆ ದಂಡ ಬೆಳೆಸ್ಕೊಂಡ್ರಿ" ಎಂದರು.

ಕೇಳಿಸಿತೇ? ಸುಮ್ಮನೆ!

ಬೈಕಿನ ದುಡ್ಡು ಮೊದಲ ಕಂತಿಗೆ ಹೋಯಿತು. ಖಾತೆಯ ತಡೆ ತೆಗೆದಿದ್ದಾರೆ. ದಂಡ ಕಡಿಮೆ ಮಾಡಿ ಎಂದು ಅರ್ಜಿ ಕೊಟ್ಟಿದ್ದೇನೆ, ಮಾಡುತ್ತಾರೋ ಇಲ್ಲವೋ. ಉಳಿದದ್ದನ್ನು ಎರಡು ವರ್ಷ ತಿಂಗಳ ಕಂತಿನಲ್ಲಿ ಕಟ್ಟಬೇಕು.

ಬಾಕಿಗೆ ಸಿಟ್ಟಿಲ್ಲ ರೀ. ಕೆಲಸವಿಲ್ಲದ ತಿಂಗಳುಗಳನ್ನು ನಾನೂ ಕಂಡಿದ್ದೇನೆ. ಹೋಗಿ ಬಾಯಿಬಿಟ್ಟಿದ್ದರೆ ದಾರಿಯಾಗುತ್ತಿದ್ದ ವಿಷಯಕ್ಕೆ ಹೆಂಡತಿ ಮಗಳನ್ನು ಬಿಟ್ಟು ಓಡಿದಿರಲ್ಲ, ಅದಕ್ಕೆ ಮೈಯೆಲ್ಲ ಉರಿಯುತ್ತದೆ. ಅಷ್ಟು ದಿನ ಪಕ್ಕದಲ್ಲೇ ಕೂತು ರೆಕ್ಸಿನ್ ಹೊಲಿದೆ. ನನಗೂ ಹೇಳಬಾರದಿತ್ತೇ? ನಾನೇನು ಗೋಡೆಯೇ?

ಬರುವುದಾದರೆ ಬನ್ನಿ. ಗಲ್ಲಾದ ಕೀಲಿ ಮಾತ್ರ ಇನ್ನು ನನ್ನ ಬಳಿಯೇ. ಡಾಕ್ಟರಮ್ಮನ ಸೋಫಾ ಮಗುಚಿ ಹಾಕಲು ನನ್ನೊಬ್ಬಳ ಕೈಯಲ್ಲಿ ಆಗುತ್ತಿಲ್ಲ.

ಇಂತಿ,
ನೀವು ಸೂಜಿ ಎಂದು ಕರೆಯುತ್ತಿದ್ದ,
ಇನ್ನೂ ನಿಮ್ಮ ಹೆಂಡತಿಯೇ ಆಗಿರುವವಳು

ಬರೆಯಬಾರದು ಎಂದುಕೊಂಡಿದ್ದೆ: ಆ ಕಚೇರಿಯಲ್ಲಿ ನಾನು ಮೊದಲು ಕೇಳಿದ್ದು ಬಾಕಿ ಎಷ್ಟೆಂದಲ್ಲ. "ನಮ್ಮ ಯಜಮಾನ್ರನ್ನ ಹಿಡ್ಕೊಂಡು ಹೋಗ್ತೀರಾ ಮೇಡಂ?" ಅಂದುಬಿಟ್ಟೆ. ಇಲ್ಲ ಎಂದರು. ಅಷ್ಟು ಜನರ ಮಧ್ಯೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅದಕ್ಕೆ ನನ್ನ ಮೇಲೂ ಸಿಟ್ಟಿದೆ.