ನಾಯಿಯ ಮದ್ದು

ಮೇಲಿನ ಮನೆಯ ಅಕ್ಕನಿಗೆ ನಮಸ್ಕಾರ.

ನಮ್ಮ ಮೊಲದ ನುಸಿಗೆಂದು ನೀವು ಕೊಟ್ಟಿದ್ದ ನಿಮ್ಮ ನಾಯಿಯ ಮದ್ದಿನಲ್ಲಿ ಉಳಿದದ್ದನ್ನು ವಾಪಸ್ ಕಳಿಸಿದ್ದೇನೆ. ಮೊಲ ಸೆಟೆದುಕೊಂಡಾಗ ಡಾಕ್ಟರ ಹತ್ತಿರ ಓಡಿದೆ. "ಇದು ನಾಯಿಗೆ ಮದ್ದು, ಮೊಲಕ್ಕೆ ವಿಷ ಕಣಮ್ಮ" ಎಂದರು. ಸಿಟ್ಟಿಲ್ಲ ಅಂದರೆ ಸುಳ್ಳಾದೀತು. ಆದರೆ ನಮ್ಮ ಕೈಲಿ ಕಾಸಿಲ್ಲವೆಂದು ತಾನೇ ನೀವು ಕೊಟ್ಟದ್ದು. ಇನ್ನು ಯಾರ ಮೊಲಕ್ಕೂ ಕೊಡಬೇಡಿ.

ಮಗಳಿಗೆ ಇದನ್ನು ಹೇಳಿಲ್ಲ. ಅದರ ಕತ್ತಿನ ಕೂದಲು ಬಿಡಿಸಿ ಮದ್ದು ಹಚ್ಚಿದವಳು ಅವಳೇ. ಮೊಲ ನುಸಿಯಿಂದಲೇ ಸತ್ತಿತು ಅಂದುಕೊಂಡಿದ್ದಾಳೆ. ನಾಳೆ ನಿಮಗೆ ಥ್ಯಾಂಕ್ಸ್ ಹೇಳಲು ಬರುತ್ತಾಳಂತೆ. "ದೊಡ್ಡಮ್ಮ, ನಿಮ್ಮ ಮದ್ದು ಹಚ್ಚಿದ್ಮೇಲೆ ಅದು ಒಂದ್ಸಲಾನೂ ಮೈ ಕೆರ್ಕೊಳ್ಳಲಿಲ್ಲ" ಅನ್ನುತ್ತಾಳೆ. "ಹೌದಾ ಪುಟ್ಟಿ" ಅನ್ನಿ, ಸಾಕು.

ಇಂತಿ,
ಕೆಳಗಿನ ಮನೆಯವಳು