ಮೂರನೇ ಬೇಸಿಗೆಯ ಹುರಳಿ

ಸಾಂಗ್ಲಿ
೩೧ ಮೇ ೨೦೨೪

ಚಿರಂಜೀವಿ ಕಾಂಚನಾ,

ನಿನ್ನ ಅವ್ವನ ಆಶೀರ್ವಾದ. 'ಚಿ. ಸೌ.' ಎಂದು ಬರೆಯಲು ಹೋಗಿ ಪೆನ್ನು ಎತ್ತಿದೆ. ಅಳಿಯ ಕೇತನರಾಯರು ತೀರಿಕೊಂಡು ನಾಲ್ಕು ವರ್ಷವಾದರೂ ಈ ಕೈಗೆ ಇನ್ನೂ ಬುದ್ಧಿ ಬಂದಿಲ್ಲ. ನೀನು ಮೂರು ಸಲ ಫೋನ್ ಮಾಡಿದಿ, ನಾನು ಎತ್ತಲಿಲ್ಲ. ಸಿಟ್ಟಾಗಬೇಡ. ಫೋನಿನಲ್ಲಿ ಮಾತಾಡಿದರೆ ಮನೆಯವರ ಕಿವಿಯೆಲ್ಲ ನನ್ನ ಕಡೆಗೇ ಇರುತ್ತವೆ, ಅತ್ತ ನೀನೂ ಅಳುತ್ತಿ. ಅದಕ್ಕೇ ತಡವಾದರೂ ಕಾಗದ.

ಸುದ್ದಿ ಒಳ್ಳೆಯದಲ್ಲ. ಸಮಡೋಳಿಯ ನಮ್ಮ ದ್ರಾಕ್ಷಿ ಬಾಗದಲ್ಲಿ ಸಾಲುಗಳ ನಡುವೆ ನೀನು ಬಿತ್ತಿದ್ದ ಹುರಳಿ ಈಗಿಲ್ಲ. ಕಿತ್ತುಹಾಕಿದೆವು.

ನಿನ್ನ ಅಪ್ಪ ಅಂದು ಆಡಿದ ಮಾತು ನಿನಗೆ ನೆನಪಿರಲೇಬೇಕು. "ನೆಲಾ ಮುಚ್ಚಿದ್ರ ಬಾಗ ಬಿಸಲಿಗೆ ಸುಡಂಗಿಲ್ಲ ಅಂತೀಯಲ್ಲ, ಮೂರು ಬ್ಯಾಸಗಿ ಮಾಡಿ ತೋರ್ಸು. ತೋರ್ಸಿದ್ರ ಆ ಎರಡು ಎಕರೆ ನಿನ್ನ ಹೆಸರಿಗೆ." ವಿಜಾಪುರದಲ್ಲಿ ಭಾವನ ಮನೆಯ ಹಿಂದಿನ ಕೋಣೆ ಬಿಟ್ಟು ಸ್ವಂತ ನೆಲಕ್ಕೆ ಬರುವ ಆಸೆ ನಿನಗೆ. ಎರಡು ಬೇಸಿಗೆ ಗೆದ್ದಿ. ಈ ಸಲವೂ ಎಪ್ರಿಲ್ ಛಾಟಣಿಯಲ್ಲಿ ಬಳ್ಳಿ ಸವರಿ ಮುಗಿದ ಕೂಡಲೇ ಬಂದು ಬಿತ್ತಿ ಹೋದಿ, ಹುರಳಿ ಮೊಣಕಾಲಿನವರೆಗೆ ಬಂದಿತ್ತು. ಕೂಲಿಗೆ ಬರುವ ಕಾಡವ್ವ ಮಟಮಟ ಮಧ್ಯಾಹ್ನ ಬರಿಗಾಲಲ್ಲಿ ಸಾಲಿನೊಳಗೆ ಓಡಾಡುತ್ತಿದ್ದಳು. "ಕಾಂಚನಕ್ಕ ನೆಲಕ್ಕ ಚಾದರ ಹೊಚ್ಚಿ ಹೋಗ್ಯಾಳ್ರಿ" ಎನ್ನುತ್ತಿದ್ದಳು.

ಆದರೆ ಇಲ್ಲಿಯವರಿಗೆ ಬಾಗ ಎಂದರೆ ಬಾಚಿದ ತಲೆಯ ಹಾಗಿರಬೇಕು. ನಡುವೆ ಒಂದು ಹಸಿರು ಎಲೆ ಕಂಡರೂ ಒಕ್ಕಲುತನ ಕೆಟ್ಟಿತು ಎನ್ನುತ್ತಾರೆ. ಪಕ್ಕದ ಬಾಗದ ರಾವಸಾಬ ಬದುವಿನ ಮೇಲೆ ನಿಂತು, "ಬಸಲಿಂಗಪ್ಪಾವ್ರ, ದ್ರಾಕ್ಷಿ ಬೆಳೀತೀರೋ ಎಮ್ಮಿ ಮೇವು ಬೆಳೀತೀರೋ?" ಎಂದು ದಿನಾ ಕೇಳುವುದು, ನಿನ್ನ ಅಪ್ಪ ಮನೆಗೆ ಬಂದು ನನ್ನ ಮೇಲೆ ಹರಿಹಾಯುವುದು. ಅಷ್ಟರಲ್ಲಿ ನಿನ್ನ ತಮ್ಮ ನಿಲೇಶನಿಗೆ ಜತ್ತಿನಿಂದ ಸಂಬಂಧ ಬಂತು. ಹತ್ತೊಂಬತ್ತರ ರವಿವಾರ ಹೆಣ್ಣಿನ ಕಡೆಯವರು ಬಾಗ ನೋಡಲು ಬರುತ್ತಾರೆ ಎಂದಾಯಿತು. "ಬಾಗಿನ್ಯಾಗ ಕಸಾ ಕಂಡ್ರ ಹುಡುಗ ಮೈಗಳ್ಳ ಅಂತಾರ. ಶನಿವಾರ ಎಲ್ಲಾ ಕಿತ್ತಿಸಿಬಿಡ್ರಿ" ಎಂದು ನಿನ್ನ ಅಪ್ಪ ಮನೆಯವರಿಗೆಲ್ಲ ಹೇಳಿದರು.

ಕಾಡವ್ವ ಪಾಪ ಅಡ್ಡ ನಿಂತಳು. "ಕೀಳಬ್ಯಾಡ್ರಿ ಯಜಮಾನ್ರ, ಕೊಯ್ದು ಅಲ್ಲೇ ಹಾಸೋಣು. ಬೇರು ನೆಲದಾಗ ಇರಬೇಕಂತ ಅಕ್ಕಾವ್ರು ಹೇಳಿ ಹೋಗ್ಯಾರ." ಅವರು ಕೇಳಲಿಲ್ಲ. ಸಂಜೆಗೆ ಅಷ್ಟೂ ಹುರಳಿಯನ್ನು ಹೇರಿಕೊಂಡು ಹೋದವನು ಯಾರು ಗೊತ್ತೇ? ರಾವಸಾಬ, ತನ್ನ ಎಮ್ಮೆಗಳಿಗೆ.

ರವಿವಾರ ನಾನು ಶಿರಾ ಮಾಡಿಟ್ಟಿದ್ದೆ. ಸಂಜೆಯವರೆಗೆ ಕಾದೆವು, ಯಾರೂ ಬರಲಿಲ್ಲ. ಯಾಕೆಂದು ಕೇಳುವುದಕ್ಕೂ ನಿನ್ನ ಅಪ್ಪನಿಗೆ ಮಾನ ಅಡ್ಡ ಬಂತು.

ಈಗ ಬಾಗ ನೋಡಲಾಗದು. ಬೆಳಿಗ್ಗೆ ಬಿಟ್ಟ ಡ್ರಿಪ್ಪಿನ ನೀರು ಮಧ್ಯಾಹ್ನಕ್ಕೆ ಆರಿಹೋಗುತ್ತದೆ. ಮುಂದಿನ ಫಸಲು ಕಟ್ಟುವ ಎಳೆ ಕುಡಿಗಳೆಲ್ಲ ಕರಕಲಾಗಿವೆ. ಕಾಡವ್ವ ನಿಲೇಶನ ಹಳೆಯ ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋಗುತ್ತಾಳೆ. ನಿನ್ನೆ ನಿನ್ನ ಅಪ್ಪ ಒಂದು ಸುಟ್ಟ ಕುಡಿ ಮುರಿದು ತಂದು ನನ್ನ ಮುಂದೆ ಹಿಡಿದರು. "ನೋಡಿದ್ಯಾ, ಮೂರನೇ ಬ್ಯಾಸಗಿಗೆ ಸುಡ್ತು." ಸುಟ್ಟಿದ್ದು ಹುರಳಿ ಕಿತ್ತ ಮೇಲಲ್ಲವೇ ಎಂದೆ. "ಬಾಗ ಸುಟ್ಟದ. ಮಾತು ಮುಗೀತು" ಎಂದು ಚಪ್ಪಲಿ ಮೆಟ್ಟಿ ಅಂಗಡಿಗೆ ನಡೆದರು. ನಲವತ್ತು ವರ್ಷ ಈ ಮನುಷ್ಯನಿಗೆ ರೊಟ್ಟಿ ಬಡಿದು ಹಾಕಿದೆನಲ್ಲ ಎಂದು ನನ್ನ ಮೇಲೇ ಹೇಸಿಕೆ ಬಂತು.

ಹೊತ್ತಿಗೆ ಸರಿಯಾಗಿ ಉಣ್ಣು. ಬಿಸಿಲಲ್ಲಿ ತಿರುಗಬೇಡ. ಎಲ್ಲಿದ್ದರೂ ದೇವರು ನಿನ್ನ ತಲೆಯ ಮೇಲೆ ನೆರಳಾಗಿರಲಿ.

ನಿನ್ನ ಅವ್ವ,
ಸುನಂದಾಬಾಯಿ

ತಾ.ಕ.: ಪಾಕೀಟು ಅಂಟಿಸಿ ಮತ್ತೆ ಒಡೆದೆ. ಎಲ್ಲವನ್ನೂ ನಿನ್ನ ಅಪ್ಪನ ತಲೆಗೆ ಕಟ್ಟಿ ಕಳಿಸಲು ಮನಸ್ಸು ಒಪ್ಪಲಿಲ್ಲ. ಜತ್ತಿನವರು ಬರುವುದಿಲ್ಲ ಎಂದು ಶುಕ್ರವಾರವೇ ಫೋನ್ ಬಂದಿತ್ತು. ಎತ್ತಿದವಳು ನಾನು. ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ಮರುದಿನ ಹುರಳಿ ಉಳಿಯುತ್ತಿತ್ತು. ಈ ಹೆಣ್ಣು ಹೋದರೆ ಹೋಗಲಿ, ಎರಡು ಎಕರೆ ನಿನ್ನ ಹೆಸರಿಗಾದರೆ ಮುಂದೆ ನಿಲೇಶನಿಗೆ ಯಾರೂ ಹೆಣ್ಣು ಕೊಡುವುದಿಲ್ಲ ಎಂದು ಹೆದರಿದೆ. ಕಾಡವ್ವ ಮುಟ್ಟಲು ಹಿಂಜರಿದಳು, ಅದಕ್ಕೆ ಮೊದಲ ಸಾಲು ನಾನೇ ಕಿತ್ತೆ. ಬೇರು ಗಟ್ಟಿಯಾಗಿ ಹಿಡಿದಿದ್ದವು ಕಾಂಚನಾ, ಎರಡೂ ಕೈ ಹಚ್ಚಬೇಕಾಯಿತು.