ವಿಭೂತಿ ಹಚ್ಚಿದ ಕಪಾಟು

ಬನಹಟ್ಟಿ,
16 ಅಕ್ಟೋಬರ್ 2016

ಪ್ರೀತಿಯ ಅತ್ತಿಯವರಿಗೆ ನಿಮ್ಮ ಸೊಸೆಯ ನಮಸ್ಕಾರ,

ನಿಮ್ಮ ಮೊಣಕಾಲು ಹೇಗಿದೆ? ಇಚಲಕರಂಜಿಯ ಮನೆಯ ಮೆಟ್ಟಿಲು ಹತ್ತಿಳಿದು ಮತ್ತೆ ಬಾತಿಲ್ಲ ತಾನೇ? ನಿಮ್ಮ ಬಾಣಂತಿ ಮಗಳು ರಾಧಿಕಾ ಅಕ್ಕ ಅಂಟಿನ ಉಂಡಿ ತಿನ್ನುತ್ತಾರಾ, ಇಲ್ಲಾ ಮುಖ ಕಿವುಚುತ್ತಾರಾ? ಕೂಸಿನ ಫೋಟೋ ನೋಡಿ ನೋಡಿ ನನ್ನ ಫೋನಿನ ಚಾರ್ಜೇ ಮುಗಿಯಿತು. ಮೂಗು ಥೇಟ್ ನಿಮ್ಮದೇ! ಮಾವನವರು ಆರಾಮ ಇದ್ದಾರೆ. ನಾನು ರೊಟ್ಟಿ ಬಡಿಯುವಾಗ "ಸಪ್ಪಳ ಮಗ್ಗಕ್ಕಿಂತ ಜೋರ್ ಐತಿ, ರೊಟ್ಟಿ ಮಾತ್ರ ಕಾಣವಲ್ದು" ಅಂತ ಕಾಡುತ್ತಾರೆ. ಫೋನ್ ಮಾಡಿದರೆ ಕೂಸು ಮಾತಾಡಲು ಬಿಡುವುದಿಲ್ಲ. ಅದಕ್ಕೇ ಈ ಪತ್ರ, ಸೀರೆ ಗಂಟು ತಗೊಂಡು ಬರುವ ಇವರ ಕೈಯಲ್ಲಿ.

ಜಮಖಂಡಿ ಕಾಲೇಜಿನ ಗ್ರಂಥಾಲಯದಲ್ಲಿ ಏನು ಮಾಡುತ್ತೀ ಅಂತ ಕೇಳಿದ್ದಿರಲ್ಲ. ಕಪಾಟಿಗೊಂದು ಕಪ್ಪು-ಬಿಳಿ ಚೌಕಗಳ ಚೀಟಿ ಅಂಟಿಸುತ್ತೇನೆ, ಅದೇ ಕ್ಯೂಆರ್ ಕೋಡ್. ಫೋನ್ ಹಿಡಿದರೆ ಅಲ್ಲಿ ಯಾವ ಪುಸ್ತಕಗಳಿವೆ ಅಂತ ಕಾಣುತ್ತದೆ. ಓದಿದ ಮಕ್ಕಳು ತಮ್ಮ ಮಾತಿನಲ್ಲೇ ಪುಸ್ತಕಕ್ಕೆ ಗುರುತು ಹಾಕಬಹುದು, ಅದಕ್ಕೆ ಟ್ಯಾಗ್ ಅಂತಾರೆ. ಸದ್ಯ ಒಂದು ಸಾಲಿಗೆ ಮಾತ್ರ. ದಸರೆ ರಜೆ ಮುಗಿದ ಮೇಲೆ ಪ್ರಿನ್ಸಿಪಾಲರು ನೋಡುವವರಿದ್ದರು. ಸರಿ ಕಂಡರೆ ಇಡೀ ಗ್ರಂಥಾಲಯಕ್ಕೆ. ಇಲ್ಲದಿದ್ದರೆ ಚೀಟಿಯೂ ಇಲ್ಲ, ನನ್ನ ಕೆಲಸವೂ ಇಲ್ಲ.

ಈಗ ಕೇಳಿರಿ. ಅಕ್ಕನ ಊರಿಗೆ ಹೋಗುವಾಗ ದಸರೆಯ ಖಂಡೇಪೂಜೆಗೆ ಅಂತ ನೀವು ಏನು ಹೇಳಿದ್ದಿರಿ? "ದುಡಿಯೋ ಸಾಮಾನಿಗೆಲ್ಲಾ ವಿಭೂತಿ ಹಚ್ಚವಾ, ಒಂದೂ ಬಿಡಬ್ಯಾಡ." ಮಗ್ಗಕ್ಕೆ ಮಾವನವರು ಹಚ್ಚಿದರು. ನನ್ನ ದುಡಿಯುವ ಸಾಮಾನು ಯಾವುದು? ರಜೆ ಬಿಡುವ ದಿನ ಒಂದೊಂದು ಕೋಡಿನ ಮೇಲೂ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ದಪ್ಪ ಕುಂಕುಮ ಇಟ್ಟು, ಕೈಮುಗಿದು ಬಂದೆ!

ರಜೆ ಮುಗಿದು ನಿನ್ನೆ ಪ್ರಿನ್ಸಿಪಾಲರು ಚೀಟಿಗೆ ಫೋನ್ ಹಿಡಿದರು, ಹಿಂದೆ ಸರಿದರು, ಮುಂದೆ ಬಂದರು. ಏನೂ ಬರಲಿಲ್ಲ. "ಮೇಡಂ, ಕೋಡಿಗೆ ದೀಕ್ಷಾ ಕೊಟ್ಟೀರೇನ್ರಿ?" ಅಂದರು. ಅಟೆಂಡರ್ ಮಲಕಾಜಪ್ಪ ಕಾಕಾ ನಗು ತಡೆಯಲಾರದೆ ಹೊರಗೆ ಹೋದರು. ನನಗೆ ಅಳುವೇ ಬಂತು. ಅತ್ತಿ, ಹಬ್ಬದ ವಿಭೂತಿಯನ್ನು ಕಸದಂತೆ ಒರೆಸಲಿ ಹೇಗೆ? ಬೆರಳಿಗೆ ತಗೊಂಡು ಹಣೆಗೆ ಹಚ್ಚಿಕೊಳ್ಳುತ್ತಾ ಹೋದೆ, ಉಳಿದದ್ದನ್ನು ಸೆರಗಿನಲ್ಲಿ ಒರೆಸಿದೆ. ಸಾಲು ಮುಗಿಯುವಷ್ಟರಲ್ಲಿ ನಾನೇ ಮಠದ ಸ್ವಾಮಿಗಳಂತೆ ಕಾಣುತ್ತಿದ್ದೆ. ಪುಣ್ಯಕ್ಕೆ ಚೀಟಿಗಳ ಮೇಲೆ ಪಾರದರ್ಶಕ ಟೇಪು ಇತ್ತು.

ಅಲ್ಲೇ ನಿಂತಿದ್ದ ರಬಕವಿಯ ರೇಷ್ಮಾ, ನಮ್ಮ ಬಿ.ಎಸ್ಸಿ. ಹುಡುಗಿ, ತನ್ನ ಫೋನ್ ಹಿಡಿದಳು. ಯಾರೋ "ಬಣ್ಣ ಬಿಡತೈತಿ" ಅಂತ ಟ್ಯಾಗ್ ಹಾಕಿದ್ದ ದಪ್ಪ ಇಂಗ್ಲಿಷ್ ಪುಸ್ತಕವೊಂದರ ಹೆಸರು ಬಂತು. ಕಪಾಟಿನಿಂದ ಅದನ್ನು ತೆಗೆದು ಪುಟ ತೆರೆದವಳೇ ಕೂಗಿದಳು: "ನಮ್ಮಪ್ಪ ನೂಲಿಗೆ ಬಣ್ಣ ಹಾಕ್ತಾನ್ರಿ ಸರ್! ಬಣ್ಣ ಯಾಕ ನಿಲ್ಲವಲ್ದು ಅಂತ ಹುಡುಕೇ ಹುಡುಕೇನ್ರಿ, ಇದು ಇಲ್ಲೇ ಇತ್ತಲ್ರಿ!" ದಿನಾ ಅದರ ಮುಂದೆಯೇ ಅಡ್ಡಾಡುತ್ತಿದ್ದಳಂತೆ. ಪ್ರಿನ್ಸಿಪಾಲರು ಪುಸ್ತಕ ನೋಡಿದರು, ಅವಳನ್ನು ನೋಡಿದರು, ಆಮೇಲೆ ನನ್ನ ಹಣೆ ನೋಡಿ ನಕ್ಕರು. "ಉಳಿದ ಕಪಾಟಿಗೂ ಅಂಟಸ್ರಿ. ಪೂಜಾ ಮಾತ್ರ ಚೀಟಿ ಬಿಟ್ಟು ಬಾಜೂಕ ಮಾಡ್ರಿ" ಅಂದರು.

ಕೂಸಿಗೆ ನೂರು ಮುತ್ತು. ಅಕ್ಕನಿಗೆ ಬೆಚ್ಚಗಿರಲು ಹೇಳಿರಿ. ನನ್ನ ತಲೆ ಮೇಲೆ ನಿಮ್ಮ ಕೈ ಇರಲಿ.

ನಿಮ್ಮ ಸೊಸೆ,
ಪೂರ್ಣಿಮಾ

ತಾ.ಕ.: ಇವರು ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ. ಅತ್ತಿ, ಇಡೀ ಗ್ರಂಥಾಲಯ ಅಂದರೆ ಮುಂದಿನ ದಸರೆಯವರೆಗೂ ಕೆಲಸ. ನೀವು ದೀಪಾವಳಿವರೆಗೆ ಅಷ್ಟೇ ಕೆಲಸಕ್ಕೆ ಹೋಗು ಅಂದಿದ್ದಿರಿ. "ನಮ್ಮತ್ತೀನ್ನ ಕೇಳಿ ಹೇಳ್ತೀನ್ರಿ" ಅಂತ ಪ್ರಿನ್ಸಿಪಾಲರಿಗೆ ಹೇಳಿ ಬಂದಿದ್ದೇನೆ. ಮಾವನವರು "ನಿಮ್ಮತ್ತಿ ಹೂಂ ಅಂದ್ರ ನಂದೂ ಹೂಂ" ಅಂತಾರೆ. ಬ್ಯಾಡ ಅಂದರೆ ಬಿಡುತ್ತೇನೆ, ಸಿಟ್ಟು ಮಾಡುವುದಿಲ್ಲ. ಆದರೆ ಬಹಳ ಅಳುತ್ತೇನೆ.